ದೊಡ್ಡದಾಗಿ ನೋಡುವುದು ಬೇರೆ, ದೊಡ್ಡದು ಮಾಡುವುದು ಬೇರೆ



ಒಮ್ಮೆ ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ಮುಗಿದು ದೀಪಗಳನ್ನು ಆರಿಸುತ್ತಿದ್ದಾಗ, ಅದರಲ್ಲಿ ಭಾಗವಹಿಸಿದ್ದ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು ತನ್ನ ಮೊಬೈಲ್ ಫೋನಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದಳು. ಶಿಕ್ಷಕಿಯರ ತರಬೇತಿ ಶಾಲೆಯ ಹಳೆಯ ಗುಂಪು ಫೋಟೋ. ಎರಡನೆಯ ಸಾಲಿನಲ್ಲಿ ನಿಂತಿದ್ದವರಲ್ಲಿ ಒಬ್ಬರು ಅವಳ ಅಜ್ಜಿ. ಅಜ್ಜಿ ತೀರಿಕೊಂಡಾಗ ಅವಳ ತಾಯಿ ಇನ್ನೂ ಎರಡು ವರ್ಷದ ಮಗು. ಮನೆಯಲ್ಲಿ ಅಜ್ಜಿಯ ಬೇರೆ ಫೋಟೋ ಇಲ್ಲ. ಆ ಮುಖವನ್ನಷ್ಟೇ ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ತಾಯಿಗೆ ಕೊಡಬೇಕೆಂಬುದು ಅವಳ ಆಸೆ.

ಅವಳು ಆಗಲೇ ಎರಡು ಪ್ರಯತ್ನ ಮಾಡಿದ್ದಳು. ಮೊದಲನೆಯದರಲ್ಲಿ ಮುಖ ಬರೀ ಚೌಕಗಳಾಗಿ ಒಡೆದುಹೋಗಿತ್ತು. ಎರಡನೆಯದನ್ನು ಯಾವುದೋ ಆಪ್ ಮಾಡಿಕೊಟ್ಟಿತ್ತು. ಅದರಲ್ಲಿ ಮುಖ ಬಹಳ ನುಣುಪಾಗಿ, ಕಣ್ಣು ರೆಪ್ಪೆಗಳೆಲ್ಲ ಸ್ಪಷ್ಟವಾಗಿ ಬಂದಿದ್ದವು. ಆದರೆ ಅಜ್ಜಿಯನ್ನು ಕಂಡು ಬಲ್ಲ ದೊಡ್ಡಮ್ಮ ಅದನ್ನು ನೋಡಿ, "ಫೋಟೋ ಚೆಂದಾಗೈತೆ. ಆದ್ರೆ ಇದು ನಮ್ಮವ್ವ ಅಲ್ಲ ಕಣವ್ವ. ನಮ್ಮವ್ವನ ಮೂಗುಬೊಟ್ಟೆಲ್ಲಿ?" ಎಂದುಬಿಟ್ಟರಂತೆ.

ದೊಡ್ಡಮ್ಮನ ಆ ಪ್ರಶ್ನೆಯನ್ನೇ ಹಿಡಿದುಕೊಂಡು ಈ ಬಾರಿ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಹಿಗ್ಗಿಸಿ ನೋಡುವ, ಹಿಗ್ಗಿಸಿ ಉಳಿಸುವ ವಿಷಯವನ್ನು ತಿಳಿಯೋಣ.

ಚುಕ್ಕಿಗಳ ಲೆಕ್ಕ

ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಹನ್ನೊಂದು ಚುಕ್ಕಿ, ಹನ್ನೊಂದು ಸಾಲು ಎಂದರೆ ಒಟ್ಟು 121 ಚುಕ್ಕಿ. ಕಂಪ್ಯೂಟರಿನ ಚಿತ್ರವೂ ಹೀಗೆಯೇ ಅಡ್ಡಸಾಲು, ಉದ್ದಸಾಲುಗಳಲ್ಲಿ ಜೋಡಿಸಿದ ಚುಕ್ಕಿಗಳ ಮೊತ್ತ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಚಿತ್ರಬಿಂದು ಎಂದರೂ ಸರಿ. ರಂಗೋಲಿಯ ಚುಕ್ಕಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಪ್ರತಿ ಚಿತ್ರಬಿಂದುವಿಗೂ ತನ್ನದೇ ಬೆಲೆಯಿದೆ. ಸಾಮಾನ್ಯ ಕಪ್ಪು ಬಿಳುಪು ಚಿತ್ರದಲ್ಲಿ 0 ಎಂದರೆ ಪೂರ್ತಿ ಕಪ್ಪು, 255 ಎಂದರೆ ಪೂರ್ತಿ ಬಿಳಿ; ನಡುವಿನ ಅಂಕಿಗಳೆಲ್ಲ ಬೂದು ಬಣ್ಣದ ಛಾಯೆಗಳು. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಅಂಕಿಗಳು.

ಛಾಯಾಚಿತ್ರವೊಂದನ್ನು ಹೀಗೆ ಅಂಕಿಗಳಾಗಿ ಮೊದಲು ಬದಲಾಯಿಸಿದವರು ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಸಂಸ್ಥೆಯ ರಸೆಲ್ ಕಿರ್ಶ್ ಮತ್ತು ಅವರ ಸಂಗಡಿಗರು. 1957ರಲ್ಲಿ ಕಿರ್ಶ್ ತಮ್ಮ ಮೂರು ತಿಂಗಳ ಮಗನ ಫೋಟೋವನ್ನು ಸ್ಕ್ಯಾನ್ ಮಾಡಿದರು. ಅದರ ಗಾತ್ರ ಅಡ್ಡ 176, ಉದ್ದ 176 ಬಿಂದುಗಳು, ಒಟ್ಟು 30,976. ಇಂದಿನ ಫೋನ್ ತೆಗೆಯುವ 4000 ಅಡ್ಡ, 3000 ಉದ್ದದ ಚಿತ್ರದಲ್ಲಿ 1,20,00,000 ಬಿಂದುಗಳಿವೆ. ಇದನ್ನೇ 12 ಮೆಗಾಪಿಕ್ಸೆಲ್ ಎನ್ನುವುದು. ಸಂಖ್ಯೆ ಬೆಳೆದಿದೆ, ತತ್ತ್ವ ಬದಲಾಗಿಲ್ಲ.

ಹನ್ನೊಂದು ಚುಕ್ಕಿಯ ರಂಗೋಲಿಯನ್ನು ಇನ್ನೂ ದೊಡ್ಡ ಜಾಗದಲ್ಲಿ ಹಾಕಬೇಕಾದರೆ ಚುಕ್ಕಿಗಳನ್ನು ದೂರದೂರ ಇಡಬಹುದು. ರಂಗೋಲಿ ದೊಡ್ಡದಾಗುತ್ತದೆ, ಚುಕ್ಕಿ ಹನ್ನೊಂದೇ ಉಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಭೂತಗನ್ನಡಿಯ ಕೆಲಸ

ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ 'ದೊಡ್ಡದು ಮಾಡು' ಎನ್ನುವ ಅರ್ಥದ ಎರಡು ಬೇರೆ ಬೇರೆ ಕೆಲಸಗಳಿವೆ. ಹೊಸಬರು ಎಡವುವುದು ಇಲ್ಲಿಯೇ. ಒಂದು ಝೂಮ್, ಇನ್ನೊಂದು ಸ್ಕೇಲ್.

ಝೂಮ್ ಎಂದರೆ ಭೂತಗನ್ನಡಿ ಹಿಡಿದು ನೋಡಿದಂತೆ. ಪುಸ್ತಕದ ಮೇಲೆ ಭೂತಗನ್ನಡಿ ಹಿಡಿದರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ, ಪುಸ್ತಕ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗೆಯೇ ಝೂಮ್ ಮಾಡುವುದರಿಂದ ಕಡತದಲ್ಲಿರುವ ಚಿತ್ರ ಒಂದಿಷ್ಟೂ ಬದಲಾಗುವುದಿಲ್ಲ. ಕೆಡಿಸಿಬಿಟ್ಟೇನೆಂಬ ಭಯವಿಲ್ಲದೆ ಎಷ್ಟು ಸಲ ಬೇಕಾದರೂ ಮಾಡಬಹುದು.

ಉದಾಹರಣೆಗೆ ಗಿಂಪ್ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಇದು ಉಚಿತವಾಗಿ ಸಿಗುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಇದನ್ನು ಬರೆಯಲು ಆರಂಭಿಸಿದರು. ಗಿಂಪ್‌ನಲ್ಲಿ ಚಿತ್ರವನ್ನು ತೆರೆದ ಮೇಲೆ ಕೀಲಿಮಣೆಯಲ್ಲಿ ಕೂಡಿಸುವ ಚಿಹ್ನೆಯನ್ನು ಒತ್ತಿದರೆ ಚಿತ್ರ ಹತ್ತಿರ ಬರುತ್ತದೆ, ಕಳೆಯುವ ಚಿಹ್ನೆಯನ್ನು ಒತ್ತಿದರೆ ದೂರ ಹೋಗುತ್ತದೆ. ಕಂಟ್ರೋಲ್ ಕೀಲಿಯನ್ನು ಹಿಡಿದು ಮೌಸಿನ ಗಾಲಿಯನ್ನು ತಿರುಗಿಸಿದರೂ ಇದೇ ಆಗುತ್ತದೆ. ಹತ್ತಿರ ತಂದ ಮೇಲೆ ಚಿತ್ರದ ಬೇರೆ ಭಾಗವನ್ನು ನೋಡಬೇಕಾದರೆ ಸ್ಪೇಸ್ ಬಾರ್ ಒತ್ತಿ ಹಿಡಿದು ಮೌಸನ್ನು ಸರಿಸಬೇಕು. ಫೋಟೋಶಾಪ್‌ನಲ್ಲಿ ಕೂಡಿಸುವ, ಕಳೆಯುವ ಚಿಹ್ನೆಗಳ ಜೊತೆಗೆ ಕಂಟ್ರೋಲ್ ಕೀಲಿಯನ್ನೂ ಒತ್ತಬೇಕು. ಅಲ್ಲಿ ಸ್ಪೇಸ್ ಬಾರ್ ಹಿಡಿದು ಚಿತ್ರವನ್ನು ಮೌಸಿನಿಂದ ಎಳೆಯಬೇಕು.

ಶೇಕಡಾ ನೂರು ಎಂದರೇನು?

ಗಿಂಪ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಒಂದು ಶೇಕಡಾ ಅಂಕಿ ಕಾಣುತ್ತದೆ. ಅನೇಕರು ಅದನ್ನು ಗಮನಿಸುವುದೇ ಇಲ್ಲ. ಚಿತ್ರದ ಒಂದು ಬಿಂದು ಪರದೆಯ ಒಂದೇ ಬಿಂದುವಿನ ಮೇಲೆ ಕೂತಾಗ ಅದು ಶೇಕಡಾ 100. ಶೇಕಡಾ 200 ಎಂದರೆ ಚಿತ್ರದ ಒಂದು ಬಿಂದು ಪರದೆಯಲ್ಲಿ ಅಡ್ಡ ಎರಡು, ಉದ್ದ ಎರಡು, ಅಂದರೆ ನಾಲ್ಕು ಬಿಂದುಗಳ ಜಾಗ ಹಿಡಿಯುತ್ತದೆ. ಶೇಕಡಾ 50 ಆದರೆ ಚಿತ್ರದ ನಾಲ್ಕು ಬಿಂದುಗಳು ಪರದೆಯ ಒಂದೇ ಬಿಂದುವಿನಲ್ಲಿ ಇಕ್ಕಟ್ಟಾಗಿ ಕೂರಬೇಕು.

ಫೋನಿನಲ್ಲಿ ತೆಗೆದ 4000 ಬಿಂದು ಅಗಲದ ಚಿತ್ರವನ್ನು 1920 ಬಿಂದು ಅಗಲದ ಪರದೆಯ ಮೇಲೆ ತೆರೆದರೆ ಅದು ಪೂರ್ತಿ ಹಿಡಿಸುವುದಿಲ್ಲ. ಆದ್ದರಿಂದ ತಂತ್ರಾಂಶವೇ ಅದನ್ನು ಸುಮಾರು ಮೂರನೆಯ ಒಂದು ಭಾಗಕ್ಕೆ ಕುಗ್ಗಿಸಿ ತೋರಿಸುತ್ತದೆ. ಹೀಗೆ ಕುಗ್ಗಿದ ನೋಟದಲ್ಲಿ ಕದಲಿದ ಫೋಟೋ ಕೂಡ ಚೆನ್ನಾಗಿಯೇ ಕಾಣುತ್ತದೆ! ಫೋಟೋ ಸ್ಪಷ್ಟವಾಗಿದೆಯೇ, ಫೋಕಸ್ ಕಣ್ಣಿನ ಮೇಲಿದೆಯೇ ಎಂದು ತೀರ್ಮಾನಿಸಬೇಕಾದರೆ ಶೇಕಡಾ 100ರಲ್ಲಿ ನೋಡಬೇಕು. ಗಿಂಪ್‌ನಲ್ಲಿ ಅಂಕಿ 1ನ್ನು ಒತ್ತಿದರೆ ಸಾಕು; ಫೋಟೋಶಾಪ್‌ನಲ್ಲಿ ಕಂಟ್ರೋಲ್ ಜೊತೆ 1. ಮತ್ತೆ ಇಡೀ ಚಿತ್ರ ಕಾಣಬೇಕಾದರೆ ಗಿಂಪ್‌ನ 'ವ್ಯೂ' ಪಟ್ಟಿಯಲ್ಲಿ 'ಝೂಮ್' ಎಂಬಲ್ಲಿಗೆ ಹೋಗಿ 'ಫಿಟ್ ಇಮೇಜ್ ಇನ್ ವಿಂಡೋ' ಆರಿಸಬೇಕು; ಫೋಟೋಶಾಪ್‌ನಲ್ಲಿ ಕಂಟ್ರೋಲ್ ಜೊತೆ ಸೊನ್ನೆ.

ಶೇಕಡಾ 800ಕ್ಕೆ ಹೋಗಿ ನೋಡಿ. ಮುಖ ಮಾಯವಾಗಿ ಬಣ್ಣದ ಚೌಕಗಳು ಎದ್ದು ಬರುತ್ತವೆ. ವಿದ್ಯಾರ್ಥಿನಿಯ ಮೊದಲ ಪ್ರಯತ್ನದಲ್ಲಿ ಕಂಡದ್ದು ಇದೇ. ಇದು ತಂತ್ರಾಂಶದ ದೋಷವಲ್ಲ. ಕಡತದಲ್ಲಿ ಇರುವುದು ಇಷ್ಟೇ ಎಂದು ಅದು ಪ್ರಾಮಾಣಿಕವಾಗಿ ತೋರಿಸುತ್ತಿದೆ.

ಹಿಗ್ಗಿಸಿದಾಗ ನಡುವೆ ತುಂಬುವುದೇನು?

ಇನ್ನು ಎರಡನೆಯ ಕೆಲಸ. ಗಿಂಪ್‌ನ 'ಇಮೇಜ್' ಪಟ್ಟಿಯಲ್ಲಿ 'ಸ್ಕೇಲ್ ಇಮೇಜ್' ಎಂದಿದೆ. ಇಲ್ಲಿ ಅಗಲ, ಎತ್ತರಗಳ ಅಂಕಿಯನ್ನು ಬದಲಾಯಿಸಿದರೆ ಚಿತ್ರದ ಬಿಂದುಗಳ ಸಂಖ್ಯೆಯೇ ಬದಲಾಗುತ್ತದೆ. ಪಕ್ಕದಲ್ಲಿರುವ ಸರಪಳಿಯ ಗುರುತು ಕೂಡಿಕೊಂಡಿದ್ದರೆ ಅಗಲಕ್ಕೆ ತಕ್ಕಂತೆ ಎತ್ತರವೂ ತಾನಾಗಿ ಹೊಂದಿಕೊಳ್ಳುತ್ತದೆ. ಅದನ್ನು ಬಿಡಿಸಿದರೆ ಮುಖ ಊದಿಕೊಳ್ಳಬಹುದು, ಇಲ್ಲವೇ ಸೊರಗಬಹುದು.

ಅಜ್ಜಿಯ ಫೋಟೋಗೆ ಬರೋಣ. ಮೂಲ ಅಚ್ಚು 8 ಅಂಗುಲ ಅಗಲ, 6 ಅಂಗುಲ ಎತ್ತರ. ಅದನ್ನು ಯಾರೋ ಫೋನಿನಲ್ಲಿ ಹಿಡಿದು ಸಂದೇಶವಾಗಿ ಕಳಿಸಿದ್ದರು. ಬಂದು ತಲುಪಿದ ಚಿತ್ರ 1600 ಅಡ್ಡ, 1200 ಉದ್ದ. ಅಂದರೆ ಅಂಗುಲಕ್ಕೆ 200 ಬಿಂದು. ಅಜ್ಜಿಯ ಮುಖದ ಅಗಲ ಅಚ್ಚಿನಲ್ಲಿ 0.3 ಅಂಗುಲ. ಹಾಗಾದರೆ ಕಡತದಲ್ಲಿ ಮುಖಕ್ಕೆ ಸಿಕ್ಕಿದ್ದು ಅಡ್ಡಲಾಗಿ 60 ಬಿಂದು. ಮೂಗುಬೊಟ್ಟಿಗೆ ಸಿಕ್ಕಿದ್ದು ಸುಮಾರು ಎರಡು ಬಿಂದು.

ಈ 60ನ್ನು 600 ಮಾಡು ಎಂದು ಹೇಳಿದೆವೆನ್ನಿ. ಅಡ್ಡ ಹತ್ತು ಪಟ್ಟು, ಉದ್ದ ಹತ್ತು ಪಟ್ಟು. ಒಟ್ಟು ನೂರು ಪಟ್ಟು. ಹೊಸ ಚಿತ್ರದ ಪ್ರತಿ ನೂರು ಬಿಂದುಗಳಿಗೆ ಕ್ಯಾಮೆರಾ ಕೊಟ್ಟ ಅಳತೆ ಒಂದೇ ಒಂದು. ಉಳಿದ 99 ಎಲ್ಲಿಂದ ಬರಬೇಕು? ತಂತ್ರಾಂಶ ಅವನ್ನು ಲೆಕ್ಕ ಹಾಕಿ ತುಂಬುತ್ತದೆ.

ಆ ಲೆಕ್ಕ ಹೀಗಿದೆ. ಅಕ್ಕಪಕ್ಕದ ಎರಡು ಬಿಂದುಗಳ ಬೆಲೆ 40 ಮತ್ತು 200 ಎಂದಿಟ್ಟುಕೊಳ್ಳಿ. ಒಂದು ವಿಧಾನ ಇದ್ದದ್ದನ್ನೇ ನಕಲು ಮಾಡುತ್ತದೆ: 40, 40, 200, 200. ಗಿಂಪ್‌ನ 'ಇಂಟರ್‌ಪೊಲೇಷನ್' ಎಂಬಲ್ಲಿ 'ನನ್' ಆರಿಸಿದರೆ ಆಗುವುದು ಇದು. ಚೌಕಗಳು ಹಾಗೆಯೇ ಉಳಿಯುತ್ತವೆ. ಎರಡನೆಯ ವಿಧಾನ 'ಲಿನಿಯರ್'. ನಡುವಿನ ಬಿಂದುವಿಗೆ ಇದು ಸರಾಸರಿಯಾದ 120ನ್ನು ಕೊಡುತ್ತದೆ. ಸುತ್ತಲಿನ ನಾಲ್ಕು ಬಿಂದುಗಳನ್ನು ನೋಡಿ ಲೆಕ್ಕ ಮಾಡುತ್ತದೆ. ಮೂರನೆಯದು 'ಕ್ಯೂಬಿಕ್'. ಇದು ಹದಿನಾರು ಬಿಂದುಗಳನ್ನು ನೋಡಿ ನಯವಾದ ವಕ್ರರೇಖೆಯಂತೆ ಬೆಲೆಗಳನ್ನು ಜೋಡಿಸುತ್ತದೆ. ಸಾಮಾನ್ಯ ಛಾಯಾಚಿತ್ರಗಳಿಗೆ ಇದು ಒಳ್ಳೆಯದು. ಗೆರೆ, ಅಕ್ಷರ, ಚಿಕ್ಕ ಚಿಹ್ನೆಗಳ ಅಂಚು ಮಸುಕಾಗಬಾರದೆಂದಿದ್ದರೆ ಮೊದಲನೆಯದೇ ಮೇಲು.

ಆದರೆ ಆ 40 ಮತ್ತು 200ರ ನಡುವೆ ನಿಜವಾಗಿ 250ರಷ್ಟು ಹೊಳೆಯುವ ಹರಳೊಂದು ಇದ್ದಿದ್ದರೆ? ಸರಾಸರಿಗೆ ಅದು ಗೊತ್ತಾಗುವುದಿಲ್ಲ. ಕ್ಯಾಮೆರಾ ಕಾಣದೆ ಬಿಟ್ಟದ್ದನ್ನು ಗಣಿತ ಕಂಡುಹಿಡಿಯಲಾರದು. ಅದು ಹೊಸ ಬಿಂದುಗಳನ್ನು ಕೊಡುತ್ತದೆ, ಹೊಸ ವಿವರವನ್ನು ಕೊಡುವುದಿಲ್ಲ.

ದೂರದರ್ಶನದವರಿಗೂ ಈ ಕಷ್ಟ ತಪ್ಪಿದ್ದಲ್ಲ. ಹಳೆಯ ಡಿಜಿಟಲ್ ಟೇಪಿನ ಚಿತ್ರದಲ್ಲಿ ಅಡ್ಡ 720, ಉದ್ದ 576 ಬಿಂದುಗಳು, ಒಟ್ಟು 4,14,720. ಹೈ ಡೆಫಿನಿಷನ್ ಪರದೆಯಲ್ಲಿ ಅಡ್ಡ 1920, ಉದ್ದ 1080, ಒಟ್ಟು 20,73,600. ಸರಿಯಾಗಿ ಐದು ಪಟ್ಟು. ಹಳೆಯ ಕಾರ್ಯಕ್ರಮವನ್ನು ಹೊಸ ಪರದೆಯ ತುಂಬ ಹಿಗ್ಗಿಸಿದರೆ ಬಿಂದುಗಳ ಲೆಕ್ಕದಲ್ಲಿ ಐದರಲ್ಲಿ ನಾಲ್ಕು ಪಾಲು ಯಂತ್ರ ತುಂಬಿದ್ದೇ ಆಗಿರುತ್ತದೆ. ಮಸುಕಾಗಿ ಕಂಡರೆ ಆಶ್ಚರ್ಯವಿಲ್ಲ.

ಊಹೆಗೆ ಮಿತಿಯಿದೆ

ಹಾಗಾದರೆ ಆ ಆಪ್ ರೆಪ್ಪೆಗೂದಲನ್ನೆಲ್ಲ ಎಲ್ಲಿಂದ ತಂದಿತು? ಇದು ಕೃತಕ ಬುದ್ಧಿಮತ್ತೆಯ ಕೆಲಸ. ಇಂಥ ತಂತ್ರಾಂಶಕ್ಕೆ ಮೊದಲೇ ಲೆಕ್ಕವಿಲ್ಲದಷ್ಟು ಮುಖಗಳನ್ನು ತೋರಿಸಿ ತರಬೇತಿ ಕೊಟ್ಟಿರುತ್ತಾರೆ. ಮಸುಕಾದ ಕಣ್ಣು ಕಂಡರೆ ಅದು ತಾನು ಕಲಿತ ಕಣ್ಣುಗಳನ್ನು ಆಧರಿಸಿ ಹೊಂದುವಂಥ ಕಣ್ಣನ್ನು ರಚಿಸುತ್ತದೆ. ಮೂಗಿನ ಬದಿಯ ಎರಡು ಬಿಳಿ ಬಿಂದುಗಳನ್ನು ಹಳೆಯ ಫೋಟೋದ ಕಲೆಯೆಂದು ಬಗೆದು ಅಳಿಸಿಯೂ ಬಿಡಬಹುದು. ಅಜ್ಜಿಯ ಮೂಗುಬೊಟ್ಟು ಹೀಗೆಯೇ ಹೋಗಿರಬೇಕು.

2020ರಲ್ಲಿ ಇದಕ್ಕೆ ಜಗತ್ತೇ ನೋಡಿದ ಒಂದು ಉದಾಹರಣೆ ಸಿಕ್ಕಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಪಲ್ಸ್ ಎಂಬ ಹೆಸರಿನ ಇಂಥದೊಂದು ತಂತ್ರಾಂಶವನ್ನು ಪ್ರಕಟಿಸಿದ್ದರು. ಮಾಜಿ ಅಧ್ಯಕ್ಷ ಬರಾಕ್ ಒಬಾಮಾ ಅವರ, ಚೌಕಗಳಾಗಿ ಕುಗ್ಗಿಸಿದ ಚಿತ್ರವನ್ನು ಅದಕ್ಕೆ ಕೊಟ್ಟಾಗ ಹೊರಬಂದದ್ದು ಒಬ್ಬ ಬಿಳಿಯ ಗಂಡಸಿನ ಸ್ಪಷ್ಟ ಮುಖ! ಕುಗ್ಗಿದ ಒಂದೇ ಚಿತ್ರಕ್ಕೆ ಹೊಂದುವ ಮುಖಗಳು ಅನೇಕ ಇರಬಹುದು. ತಂತ್ರಾಂಶ ಅವುಗಳಲ್ಲಿ ತನಗೆ ರೂಢಿಯಾದದ್ದನ್ನು ಆರಿಸಿತ್ತು.

ನ್ಯಾಯಾಲಯದಲ್ಲಿ ಇದು ಇನ್ನೂ ಗಂಭೀರ. 2021ರ ನವೆಂಬರಿನಲ್ಲಿ ಅಮೆರಿಕದ ಕೆನೋಶಾ ನಗರದ ಕೊಲೆ ಮೊಕದ್ದಮೆಯೊಂದರಲ್ಲಿ ವಿಡಿಯೊವನ್ನು ಟ್ಯಾಬ್ಲೆಟ್ಟಿನಲ್ಲಿ ಬೆರಳಿನಿಂದ ಹಿಗ್ಗಿಸಿ ತೋರಿಸುವುದಕ್ಕೂ ಆಕ್ಷೇಪಣೆ ಬಂತು. ಹಿಗ್ಗಿಸುವಾಗ ಸಾಧನ ತಾನಾಗಿ ಏನನ್ನೂ ಸೇರಿಸುವುದಿಲ್ಲ ಎಂದು ತೋರಿಸಿಕೊಡುವ ಹೊಣೆಯನ್ನು ನ್ಯಾಯಾಧೀಶರು ಸರ್ಕಾರಿ ವಕೀಲರ ಮೇಲೆ ಹೊರಿಸಿದರು. 2024ರ ಮಾರ್ಚಿನಲ್ಲಿ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ ಕೃತಕ ಬುದ್ಧಿಮತ್ತೆಯಿಂದ ಸ್ಪಷ್ಟಗೊಳಿಸಿದ ವಿಡಿಯೊವನ್ನು ಕೊಲೆ ಮೊಕದ್ದಮೆಯ ಸಾಕ್ಷ್ಯವಾಗಿ ಸ್ವೀಕರಿಸಲು ನ್ಯಾಯಾಧೀಶರು ಒಪ್ಪಲಿಲ್ಲ. ಒಬ್ಬರ ಬದುಕು ತೂಗುತ್ತಿರುವಾಗ ಊಹೆಯ ಬಿಂದುವನ್ನು ನೋಟದ ಬಿಂದುವೆಂದು ನಂಬುವ ಹಾಗಿಲ್ಲ.

ಇಂಥ ಆಪ್‌ಗಳನ್ನು ಮುಟ್ಟಲೇಬಾರದೆಂದು ಇದರ ಅರ್ಥವಲ್ಲ. ಹೂವು, ಬೆಟ್ಟ, ಭಿತ್ತಿಪತ್ರಗಳಿಗೆ ಅವು ಉಪಯುಕ್ತ. ಯಾರ ಮುಖ, ಯಾವ ಅಂಕಿ, ಯಾವ ಅಕ್ಷರ ಎನ್ನುವುದೇ ಮುಖ್ಯವಾದಾಗ ಮಾತ್ರ ಎಚ್ಚರ ಬೇಕು.

ಎಷ್ಟು ಬಿಂದು ಸಾಕು?

ಇದು ಚಿತ್ರವನ್ನು ಎಲ್ಲಿ ತೋರಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಕೈಯಲ್ಲಿ ಹಿಡಿದು ನೋಡುವ ಅಚ್ಚಿಗೆ ಅಂಗುಲಕ್ಕೆ 300 ಬಿಂದು ಇದ್ದರೆ ಬಹಳ ಚೆನ್ನ. ಗೋಡೆಗೆ ತೂಗುಹಾಕಿ ಸ್ವಲ್ಪ ದೂರದಿಂದ ನೋಡುವುದಾದರೆ 150 ಸಾಕಾಗುತ್ತದೆ. ಚಿತ್ರದ ಬಿಂದುಗಳನ್ನು ಈ ಅಂಕಿಯಿಂದ ಭಾಗಿಸಿದರೆ ಎಷ್ಟು ಅಂಗುಲದ ಅಚ್ಚು ತೆಗೆಯಬಹುದೆಂದು ತಿಳಿಯುತ್ತದೆ. 1200 ಬಿಂದು ಅಗಲದ ಚಿತ್ರ 300ರಲ್ಲಿ 4 ಅಂಗುಲ, 150ರಲ್ಲಿ 8 ಅಂಗುಲ.

ಇಲ್ಲಿ ಇನ್ನೊಂದು ಗೊಂದಲವಿದೆ. ಗಿಂಪ್‌ನ 'ಪ್ರಿಂಟ್ ಸೈಜ್' ಎಂಬಲ್ಲಿ 72 ಎಂದಿರುವುದನ್ನು 300 ಎಂದು ತಿದ್ದಿದರೆ ಚಿತ್ರ ಸ್ಪಷ್ಟವಾಗುತ್ತದೆಂದು ಕೆಲವರು ತಿಳಿದಿದ್ದಾರೆ. ಅದು ಚುಕ್ಕಿಗಳನ್ನು ಎಷ್ಟು ಒತ್ತಾಗಿ ಇಡಬೇಕೆಂದು ಮುದ್ರಣಯಂತ್ರಕ್ಕೆ ಕೊಡುವ ಸೂಚನೆ ಮಾತ್ರ. ಚುಕ್ಕಿಗಳ ಸಂಖ್ಯೆ ಅದರಿಂದ ಹೆಚ್ಚುವುದಿಲ್ಲ.

ಟಿ.ವಿ. ಪರದೆಗೆ ಲೆಕ್ಕ ಬೇರೆ. ಒಂದು ಸ್ಥಿರಚಿತ್ರವನ್ನು ಪೂರ್ತಿ ತೋರಿಸಿ, ನಿಧಾನವಾಗಿ ಅದರ ಅರ್ಧ ಅಗಲದಷ್ಟು ಭಾಗಕ್ಕೆ ಹತ್ತಿರ ಹೋಗಬೇಕಾದರೆ 1920 ಬಿಂದು ಅಗಲ ಸಾಲದು, 3840 ಬೇಕು. ನೀವು ಕಾಲೇಜಿನ ಸಾಕ್ಷ್ಯಚಿತ್ರ ಮಾಡುವಾಗ ಇದನ್ನು ನೆನಪಿಡಿ.

ಮೂಲಕ್ಕೆ ಹೋಗಿ

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಒಂದೇ ಮಾತು: "ಮೂಲ ಫೋಟೋ ಎಲ್ಲಿದೆ ಹುಡುಕಮ್ಮ." ಅದು ದೊಡ್ಡಮ್ಮನ ಟ್ರಂಕಿನಲ್ಲಿ, ಹಳೆಯ ಸೀರೆಗಳ ಕೆಳಗೆ ಇತ್ತು. ಅದನ್ನು ಸ್ಕ್ಯಾನರಿನ ಮೇಲಿಟ್ಟು ಅಂಗುಲಕ್ಕೆ 600 ಬಿಂದುವಿನಂತೆ ಸ್ಕ್ಯಾನ್ ಮಾಡಿಸಿದಳು. ಮುಖದ ಅಗಲ 60ರಿಂದ 180 ಬಿಂದುವಾಯಿತು. ಅಡ್ಡ ಮೂರು ಪಟ್ಟು, ಉದ್ದ ಮೂರು ಪಟ್ಟು; ಒಂಬತ್ತು ಪಟ್ಟು ಬಿಂದುಗಳು. ಒಂದನ್ನೂ ಊಹಿಸಿದ್ದಲ್ಲ. ಎರಡು ಬಿಂದುವಿದ್ದ ಮೂಗುಬೊಟ್ಟು ಆರು ಬಿಂದುವಾಗಿ, ಇದು ಮೂಗುಬೊಟ್ಟೇ ಎಂದು ಕಾಣುವಂತಾಯಿತು. ಇನ್ನೂ ಹೆಚ್ಚಿಸುತ್ತಾ ಹೋದರೆ? ಒಂದು ಹಂತದ ನಂತರ ಕಾಣುವುದು ಕಾಗದದ ನಾರು ಮತ್ತು ಫೋಟೋದ ರೇಣುಗಳು ಮಾತ್ರ. ಮೂಲಕ್ಕೂ ಒಂದು ಮಿತಿಯಿದೆ.

180ನ್ನು 150ರಿಂದ ಭಾಗಿಸಿದರೆ 1.2 ಅಂಗುಲ. ಗೋಡೆಯ ಮೇಲಿನ ಆಳೆತ್ತರದ ಭಾವಚಿತ್ರಕ್ಕೆ ಇದು ಸಾಲದು. ಆದರೆ ಪೋಸ್ಟ್‌ಕಾರ್ಡ್ ಗಾತ್ರದ ಚೌಕಟ್ಟಿನಲ್ಲಿ ಎದೆಯವರೆಗಿನ ಚಿತ್ರಕ್ಕೆ ಹಿತವಾದ ಅಳತೆ. ಹಾಗೆಯೇ ಮಾಡಿಸಿದಳು. ಫೋಟೋ ಸ್ವಲ್ಪ ಮಸುಕು. ದೊಡ್ಡಮ್ಮ ಈ ಸಲ ಏನೂ ಹೇಳಲಿಲ್ಲವಂತೆ, ಫೋಟೋವನ್ನು ಸೆರಗಿನಿಂದ ಒರೆಸಿ ತಂಗಿಯ ಕೈಗೆ ಕೊಟ್ಟರಂತೆ.

ನಿಮ್ಮ ಮನೆಯಲ್ಲೂ ಇಂಥ ಫೋಟೋಗಳಿರುತ್ತವೆ. ಕೆಲವು ಕ್ರಮಗಳನ್ನು ರೂಢಿಸಿಕೊಳ್ಳಿ. ಮೂಲ ಕಡತವನ್ನು ಹಾಗೆಯೇ ಬಿಟ್ಟು ಅದರ ನಕಲಿನ ಮೇಲೆ ಕೆಲಸ ಮಾಡಿ. ಫೋಟೋವನ್ನು ಫೋನಿನ ಸಂದೇಶದಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಹೋಗಬಹುದು; ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆ ಹೋಗುತ್ತದೆ. ಜೆಪೆಗ್ ಕಡತವನ್ನು ಮತ್ತೆ ಮತ್ತೆ ತಿದ್ದಿ ಉಳಿಸಿದಂತೆ ಅದರ ವಿವರ ಸವೆಯುತ್ತದೆ. ಆದ್ದರಿಂದ ಕೆಲಸ ನಡೆಯುವಾಗ ಗಿಂಪ್‌ನ ಸ್ವಂತ ಕಡತವಾದ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ, ಕೊನೆಯಲ್ಲಿ 'ಎಕ್ಸ್‌ಪೋರ್ಟ್' ಮಾಡಿ.

ಮಾಡಿ ನೋಡಿ

ನಿಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಸ್ಪಷ್ಟವಾದ ಫೋಟೋವನ್ನು ಗಿಂಪ್‌ನಲ್ಲಿ ತೆರೆಯಿರಿ. ಮುಖವನ್ನಷ್ಟೇ ಕತ್ತರಿಸಿ, 600 ಬಿಂದು ಅಗಲಕ್ಕೆ ತಂದು ಒಂದು ಕಡತವಾಗಿ ಉಳಿಸಿ. ಅದರ ನಕಲನ್ನು 'ಸ್ಕೇಲ್ ಇಮೇಜ್' ಮೂಲಕ 60 ಬಿಂದುವಿಗೆ ಕುಗ್ಗಿಸಿ, ನಂತರ 'ಕ್ಯೂಬಿಕ್' ವಿಧಾನದಿಂದ ಮತ್ತೆ 600ಕ್ಕೆ ಹಿಗ್ಗಿಸಿ. ಈಗ ಎರಡೂ ಚಿತ್ರಗಳನ್ನು ಶೇಕಡಾ 100ರಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಬಿಂದುಗಳ ಸಂಖ್ಯೆ ಒಂದೇ. ಹುಬ್ಬಿನ ಕೂದಲು, ಗಲ್ಲದ ಮಚ್ಚೆ, ಕಿವಿಯ ಓಲೆ, ಇವುಗಳಲ್ಲಿ ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಪಟ್ಟಿ ಮಾಡಿ. ಅನಂತರ 120 ಮತ್ತು 180 ಬಿಂದುಗಳಿಗೆ ಕುಗ್ಗಿಸಿ ಇದೇ ಪ್ರಯೋಗ ಮಾಡಿ. ಎಷ್ಟು ಬಿಂದುವಿಗೆ ಆ ಮುಖ ಮತ್ತೆ 'ಅವರದೇ' ಎನಿಸುತ್ತದೆಂದು ನಿಮ್ಮ ಕಣ್ಣೇ ಹೇಳುತ್ತದೆ.